ಪೆಟ್ಟಿಗೆಗೆ ಹೇಳಿದ ಹೂಂ

ಟೆಲಿಫೋನಿನ ಉಸ್ತುವಾರಿ ನನಗೆ ಬಂದದ್ದು ನನ್ನ ಯೋಗ್ಯತೆಯಿಂದಲ್ಲ. ಮಸ್ಜಿದ್ ಸ್ಟೇಷನ್ನಿನ ಹತ್ತಿರ ಕಬ್ಬಿಣದ ಪೈಪು ಮಾರುವ ಒಂದು ಆಫೀಸಿನಲ್ಲಿ ನಾನು ಪರ್ಚೇಸ್ ಕ್ಲಾರ್ಕ್ ಆಗಿದ್ದೆ. ಹೊಸ ಇಂಟರ್‌ಕಾಮ್ ಬಂದ ದಿನ ಅದರ ಜೊತೆಗಿದ್ದ ಇಂಗ್ಲಿಷ್ ಪುಸ್ತಕವನ್ನು ಮಾಲೀಕರಾದ ಸೇಠ್ ಒಬ್ಬೊಬ್ಬರ ಮುಂದೆಯೂ ಹಿಡಿದರು. ಒಬ್ಬರು ಕನ್ನಡಕ ಮನೆಯಲ್ಲಿ ಬಿಟ್ಟು ಬಂದಿದ್ದೇನೆ ಎಂದರು. ಇನ್ನೊಬ್ಬರಿಗೆ ಬ್ಯಾಂಕಿನ ಕೆಲಸ ನೆನಪಾಯಿತು. ನಾನು ಮಾತ್ರ ದಡ್ಡನ ಹಾಗೆ ಅದನ್ನು ತೆಗೆದುಕೊಂಡು ಮೊದಲ ಪುಟ ತೆರೆದೆ. ಹಾಳೂರಿಗೆ ಉಳಿದವನೇ ಗೌಡ. ಅಂದಿನಿಂದ ಫೋನು ಕೆಟ್ಟರೆ ನನ್ನನ್ನು ಕೂಗುತ್ತಿದ್ದರು, ಸರಿಯಿದ್ದಾಗ ಯಾರೂ ಕೂಗುತ್ತಿರಲಿಲ್ಲ.

ಎಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಅಲ್ಲಿಯವರೆಗೆ ನಮ್ಮ ಮೇಜುಗಳ ಮೇಲೆ ಭಾರವಾದ ಕಪ್ಪು ಫೋನುಗಳಿದ್ದವು. ಸೇಠ್‌ಗೆ ಯಾರಾದರೂ ಬೇಕಾದರೆ ಅದು ಬಡಿದುಕೊಳ್ಳುತ್ತಿತ್ತು, ನಾವು ರಿಸೀವರ್ ಎತ್ತುತ್ತಿದ್ದೆವು. ಹೊಸದರಲ್ಲಿ ಎತ್ತುವ ಕೆಲಸವೇ ಇಲ್ಲ. ಸೇಠ್ ತಮ್ಮ ಕ್ಯಾಬಿನ್ನಿನಲ್ಲಿ ನಂಬರು ಒತ್ತಿದರೆ ಸಾಕು, ನಮ್ಮ ಮೇಜಿನ ಪೆಟ್ಟಿಗೆ ಒಮ್ಮೆ ಪೀಂ ಎಂದು ತಾನಾಗಿಯೇ ತೆರೆದುಕೊಳ್ಳುತ್ತದೆ, ಕೆಂಪು ದೀಪ ಹತ್ತುತ್ತದೆ, ಅವರ ಮಾತು ಗಟ್ಟಿಯಾಗಿ ಹೊರಗೆ ಬರುತ್ತದೆ. ನಾವು ಬರೆಯುತ್ತಲೋ ಚಹಾ ಕುಡಿಯುತ್ತಲೋ ಕೂತಲ್ಲಿಂದಲೇ ಉತ್ತರ ಕೊಡಬಹುದು. ಇದಕ್ಕೆ ಹ್ಯಾಂಡ್ಸ್‌ಫ್ರೀ ಎನ್ನುತ್ತಾರೆ ಎಂದು ಯಂತ್ರ ಕೂರಿಸಲು ಬಂದ ಎಂಜಿನಿಯರ್ ಹೇಳಿದ. ಕೈಗೆ ಬಿಡುವು ಸಿಕ್ಕರೆ ಕೆಲಸ ಜಾಸ್ತಿ ಆಗುತ್ತದೆ ಎಂದು ಸೇಠ್ ಖುಷಿಪಟ್ಟರು. ಯಾರು ಸೀಟಿನಲ್ಲಿದ್ದಾರೆ, ಯಾರು ಕೆಳಗೆ ಪಾನ್ ಅಂಗಡಿಯಲ್ಲಿದ್ದಾರೆ ಎಂದು ತಿಳಿದುಕೊಳ್ಳುವುದು ಅವರ ನಿಜವಾದ ಉದ್ದೇಶ ಎಂಬುದು ನಮಗೆಲ್ಲ ಗೊತ್ತಿತ್ತು.

ನನ್ನ ಎದುರು ಮೇಜಿನಲ್ಲಿ ಕ್ಯಾಷಿಯರ್ ಕೂರುತ್ತಿದ್ದರು. ಉಡುಪಿ ಕಡೆಯವರು, ನನಗಿಂತ ಇಪ್ಪತ್ತು ವರ್ಷಕ್ಕಾದರೂ ಹಿರಿಯರು. ಆಫೀಸಿನಲ್ಲಿ ಮರಾಠಿಯವರಿಂದ ಹಿಡಿದು ಸೇಠ್‌ವರೆಗೆ ಎಲ್ಲರೂ ಅವರನ್ನು ಅಣ್ಣಾ ಎನ್ನುತ್ತಿದ್ದರು. ಮುಂಬೈಯಲ್ಲಿ ದಕ್ಷಿಣದವನ ಕೂದಲು ನೆರೆತರೆ ಪುಕ್ಕಟೆಯಾಗಿ ಸಿಗುವ ಬಿರುದು ಅದು. ನಾನು ಭಾಂಡುಪ್‌ನಿಂದ ಬರುತ್ತಿದ್ದೆ, ಅವರು ಆಂಟಾಪ್ ಹಿಲ್‌ನಿಂದ. ಅಲ್ಲಿ ಅವರಿದ್ದ ಖೋಲಿ ಕಂಪನಿಯ ಹೆಸರಿನಲ್ಲಿತ್ತು. ಒಂದೇ ಕೋಣೆ, ಅದರಲ್ಲೇ ಅಡಿಗೆ, ಅದರಲ್ಲೇ ಮಗಳ ಓದು. ಕೆಲಸ ಇರುವ ತನಕ ಖೋಲಿ, ಕೆಲಸ ಹೋದರೆ ಖೋಲಿಯೂ ಇಲ್ಲ. ಆಗಿನ ಮುಂಬೈಯಲ್ಲಿ ಹೊಸದಾಗಿ ಮನೆ ಹುಡುಕುವುದೆಂದರೆ ಅವರಂಥವರಿಗೆ ಊರನ್ನೇ ಬಿಟ್ಟಂತೆ. ಮಗಳು ಆ ವರ್ಷ ಹನ್ನೆರಡನೆಯ ತರಗತಿಯಲ್ಲಿದ್ದಳು.

ಅಣ್ಣನಿಗೆ ಕಿವಿ ಕೇಳುತ್ತಿರಲಿಲ್ಲ. ಬಲಗಿವಿ ಪೂರಾ ಹೋಗಿತ್ತು, ಎಡಗಿವಿಯಲ್ಲಿ ಸ್ವಲ್ಪ ಉಳಿದಿತ್ತು. ಈ ಗುಟ್ಟು ಆಫೀಸಿನಲ್ಲಿ ಗೊತ್ತಿದ್ದದ್ದು ನನಗೊಬ್ಬನಿಗೆ, ಅದೂ ಡಬ್ಬಿ ಹಂಚಿಕೊಂಡು ತಿನ್ನುವಾಗ ಅವರೇ ಹೇಳಿದ್ದರಿಂದ. ಎದುರಿಗೆ ಮುಖ ಇದ್ದರೆ ತುಟಿ ನೋಡಿ ತಿಳಿದುಕೊಳ್ಳುತ್ತಿದ್ದರು. ಕಪ್ಪು ಫೋನಿನ ರಿಸೀವರನ್ನು ಎಡಗಿವಿಗೆ ಒತ್ತಿ ಹಿಡಿದರೆ ಪಿಸುಮಾತೂ ಕೇಳುತ್ತಿತ್ತಂತೆ. ಕಿವಿಗೆ ಮಿಷನ್ ಹಾಕಿಕೊಳ್ಳಬಾರದೇ ಎಂದು ಒಮ್ಮೆ ಕೇಳಿದೆ.

“ಹಾಕಿದರೆ ಕಾಣ್ತದಲ್ಲ ಮಾರಾಯ್ರೆ,” ಎಂದರು. “ಆ ಡ್ರೈವರನ್ನು ಎಂತ ಮಾಡಿದರು, ನೋಡ್ಲಿಲ್ವಾ?”

ನೋಡಿದ್ದೆ. ಹಳೆಯ ಡ್ರೈವರ್‌ಗೆ ಕಣ್ಣು ಮಂಜಾಗಿದೆ ಎಂದು ತಿಳಿದ ವಾರದಲ್ಲೇ ಸೇಠ್ ಅವನಿಗೊಂದು ಶಾಲು ಹೊದೆಸಿ ಊರಿಗೆ ಕಳಿಸಿದ್ದರು. ಡ್ರೈವರ್‌ಗೆ ಕಣ್ಣು ಬೇಕು ಎಂಬುದು ನ್ಯಾಯ. ಕ್ಯಾಷಿಯರ್‌ಗೆ ಕಿವಿ ಎಷ್ಟು ಬೇಕು ಎಂದು ವಾದಿಸುವ ಧೈರ್ಯ ಆ ಆಫೀಸಿನಲ್ಲಿ ಯಾರಿಗೂ ಇರಲಿಲ್ಲ, ನನಗೂ ಇರಲಿಲ್ಲ.

ಈ ಕಿವುಡಿಗೆ ಅಣ್ಣ ಕಂಡುಕೊಂಡಿದ್ದ ಮದ್ದು ಹೂಂ. ಯಾರು ಏನು ಹೇಳಿದರೂ ನಡುನಡುವೆ ಹೂಂ, ಹೂಂ ಎನ್ನುತ್ತಿದ್ದರು. ನಮ್ಮಲ್ಲಿ ಇದರಲ್ಲಿ ವಿಶೇಷವೇನೂ ಇಲ್ಲ. ಹೂಂಗುಟ್ಟದವನಿಗೆ ಯಾರೂ ಕಥೆ ಹೇಳುವುದಿಲ್ಲ. ನಮ್ಮಜ್ಜಿ ಹೂಂ ನಿಂತರೆ ಕಥೆಯನ್ನೂ ನಿಲ್ಲಿಸಿ ಮಗ್ಗುಲಾಗುತ್ತಿದ್ದಳು. ಕನ್ನಡದಲ್ಲಿ ಹೂಂ ಎಂದರೆ ಹೌದು ಎಂದೂ ಆಗುತ್ತದೆ, ಕೇಳಿಸಿಕೊಳ್ಳುತ್ತಿದ್ದೇನೆ ಎಂದೂ ಆಗುತ್ತದೆ, ಒಮ್ಮೊಮ್ಮೆ ಬೇಗ ಮುಗಿಸು ಮಾರಾಯ ಎಂದೂ ಆಗುತ್ತದೆ. ಯಾವುದು ಯಾವಾಗ ಎಂದು ತಿಳಿಯಲು ಹೇಳಿದವನ ಮುಖ ನೋಡಬೇಕು. ಅಣ್ಣನ ಹೂಂ ಕೇಳಿದವರು ಇಷ್ಟು ಗಮನ ಕೊಟ್ಟು ಕೇಳುವವರು ಬೇರೆ ಇಲ್ಲ ಎಂದುಕೊಳ್ಳುತ್ತಿದ್ದರು.

ಎಂಜಿನಿಯರ್ ತಂತಿ ಎಳೆದು, ಗೋಡೆಗೆ ದೊಡ್ಡ ಡಬ್ಬ ಬಡಿದು, ಚಹಾ ಕುಡಿದು ಹೋದ. ಸೇಠ್ ಮೊದಲ ಪರೀಕ್ಷೆಗೆ ಅಣ್ಣನ ನಂಬರನ್ನೇ ಒತ್ತಿದರು. ಪೀಂ ಎಂದಿತು. ಅಣ್ಣ ಬೆಚ್ಚಿ ಪೆಟ್ಟಿಗೆಯ ಕಡೆ ನೋಡಿದರು. ಒಳಗಿನಿಂದ ಸೇಠ್ ಏನೋ ಹೇಳುತ್ತಿದ್ದರು, ಅಣ್ಣ ಅಭ್ಯಾಸದಂತೆ ಹೂಂ ಎಂದರು. ತಕ್ಷಣ ಸೇಠ್ ದನಿ ಕತ್ತರಿಸಿದಂತೆ ನಿಂತಿತು. ಮತ್ತೆ ಬಂತು, ಅಣ್ಣ ಮತ್ತೆ ಹೂಂ ಎಂದರು, ಮತ್ತೆ ನಿಂತಿತು. ಕೊನೆಗೆ ಪೆಟ್ಟಿಗೆಯನ್ನು ಬಿಟ್ಟು ಸೇಠ್ ಕ್ಯಾಬಿನ್ನಿನ ಬಾಗಿಲಲ್ಲೇ ನಿಂತು, ನಡುವೆ ಮಾತಾಡುವವರು ಯಾರು ಎಂದು ಹಿಂದಿಯಲ್ಲಿ ಕೂಗಿದರು.

“ಬೀಚ್ ಮೇ ಕೌನ್ ಬೋಲ್ತಾ ಹೈ?”

ಪುಸ್ತಕ ತೆಗೆದು ಓದಿದಾಗ ನನಗೆ ವಿಷಯ ಹೊಳೆಯಿತು. ಆ ಪೆಟ್ಟಿಗೆಯಲ್ಲಿ ಒಂದು ಸಲಕ್ಕೆ ಒಂದೇ ದನಿ ಹಾಯುತ್ತದೆ. ಈ ಕಡೆಯಿಂದ ಸದ್ದು ಬಂದರೆ ಆ ಕಡೆಯದನ್ನು ಅದು ಮುಚ್ಚುತ್ತದೆ. ಮಾತಾಡುವವನು ಮಾತಾಡಬೇಕು, ಕೇಳುವವನು ಬಾಯಿ ಮುಚ್ಚಿಕೊಂಡು ಕೇಳಬೇಕು ಎಂದು ಯಾವ ದೇಶದವರೋ ನಂಬಿ ಮಾಡಿದ ಯಂತ್ರ. ಹೂಂಗುಟ್ಟುವ ಜನರನ್ನು ಅವರು ಕಂಡಿರಲಿಲ್ಲ. ನನಗೆ ಆ ಪುಸ್ತಕ ಬರೆದವನ ಮೇಲೆ ಸಿಟ್ಟು ಬಂತು, ಆದರೆ ಅವನು ಕೈಗೆ ಸಿಗುವಂತಿರಲಿಲ್ಲ.

ಡಬ್ಬಿ ತೆರೆಯುವ ಹೊತ್ತಿಗೆ ಅಣ್ಣ ತಮ್ಮ ಅನ್ನವನ್ನು ಕಲಸುತ್ತಾ ಕೂತಿದ್ದರು.

“ನಿಮಗೆ ಅದರಲ್ಲಿ ಮಾತು ಕೇಳ್ತದಾ?” ಎಂದು ಕೇಳಿದರು.

“ಕೇಳುತ್ತೆ ಅಣ್ಣ.”

“ನನಗೆ ಬುರ್ರ್ ಅಂತ ಬರ್ತದೆ, ಅಷ್ಟೇ. ಸೇಠ್ ಬೈದರಾ ಹೊಗಳಿದರಾ ಅಂತಲೂ ಗೊತ್ತಾಗ್ಲಿಲ್ಲ. ಎಂತ ಮಾಡುದು ಈಗ?”

ಏನಾದರೂ ಮಾಡುತ್ತೇನೆ ಎಂದೆ. ಆ ಮಾತು ಹೇಳುವಾಗ ನನಗೆ ನಿಜವಾಗಿಯೂ ಧೈರ್ಯವಿತ್ತು. ಪೆಟ್ಟಿಗೆಯ ಪಕ್ಕದಲ್ಲಿ ಒಂದು ಸಣ್ಣ ಗುಂಡಿ ಇರುವುದನ್ನು ಕಂಡಿದ್ದೆ. ಒಂದು ಕಡೆ ಸರಿಸಿದರೆ ಸೇಠ್ ಕರೆದಾಗ ತಾನಾಗಿ ತೆರೆದುಕೊಳ್ಳುತ್ತದೆ, ಇನ್ನೊಂದು ಕಡೆ ಸರಿಸಿದರೆ ಹಳೆಯ ಫೋನಿನಂತೆ ಬಡಿದುಕೊಳ್ಳುತ್ತದೆ, ರಿಸೀವರ್ ಎತ್ತಿ ಮಾತಾಡಬಹುದು. ಸಂಜೆ ಎಲ್ಲರೂ ಹೊರಟ ಮೇಲೆ ಅಣ್ಣನ ಗುಂಡಿಯನ್ನು ಸರಿಸಿ, ದೊಡ್ಡ ಕೆಲಸ ಮಾಡಿದವನಂತೆ ಲೋಕಲ್ ಹತ್ತಿ ಮನೆಗೆ ಹೋದೆ.

ಮರುದಿನ ಬೆಳಿಗ್ಗೆಯೇ ಸಿಕ್ಕಿಬಿದ್ದೆ. ಉಳಿದ ಮೇಜುಗಳು ಪೀಂ ಎಂದು ತೆರೆದುಕೊಳ್ಳುವಾಗ ಅಣ್ಣನದು ಮಾತ್ರ ಟ್ರಿಣ್ ಟ್ರಿಣ್ ಎಂದು ಊರಿಗೇ ಕೇಳುವಂತೆ ಬಡಿದುಕೊಂಡಿತು. ಇಷ್ಟು ಖರ್ಚು ಮಾಡಿ ತಂದದ್ದು ಗಂಟೆ ಬಾರಿಸಲಿಕ್ಕಾ ಎಂದು ಸೇಠ್ ಕೇಳಿದರು. ಗುಂಡಿ ಹಿಂದಕ್ಕೆ ಹೋಯಿತು. ಎಂಜಿನಿಯರನ್ನು ಕರೆಸಿ, ಗುಂಡಿ ಯಾವ ಕಡೆಗಿದ್ದರೂ ಸೇಠ್ ಕರೆದಾಗ ಎಲ್ಲ ಪೆಟ್ಟಿಗೆಗಳೂ ತೆರೆದುಕೊಳ್ಳುವಂತೆ ಗೋಡೆಯ ಡಬ್ಬದಲ್ಲೇ ಬಿಗಿ ಮಾಡಿಸಿದರು. ಪಕ್ಕದಲ್ಲಿ ನಿಂತು ಅವನಿಗೆ ಟಾರ್ಚ್ ಹಿಡಿದವನು ನಾನೇ.

ರಿಸೀವರ್ ಎತ್ತಿಕೊಂಡರಾಯಿತಲ್ಲ ಎಂದು ಅಣ್ಣನಿಗೆ ಹೇಳಿದೆ. ಅವರು ಎತ್ತಿದರು ಕೂಡ. ಎತ್ತಿದಾಗ ಆಗುವ ಕಟಕ್ ಸದ್ದು ಸೇಠ್ ಕಿವಿಗೆ ಬಿತ್ತು. ರಿಸೀವರ್ ಎತ್ತಬೇಡಿ, ಕೈ ಕೆಲಸ ಮಾಡಲಿ ಎಂದು ಅವರು ಕ್ಯಾಬಿನ್ನಿನಿಂದ ನಗುತ್ತಾ ಹೇಳಿದರು, ಆದರೆ ಎರಡನೆಯ ಸಲ ನಗಲಿಲ್ಲ. ಪೆಟ್ಟಿಗೆಯ ದನಿ ಏರಿಸಿದೆ. ಅದು ಕುಯ್ಯೋ ಎಂದು ಊಳಿಟ್ಟಿತು, ಪಕ್ಕದ ಆಫೀಸಿನವರು ಬಾಗಿಲಲ್ಲಿ ಇಣುಕಿದರು. ಮಾತು ಹೋಗುವ ತೂತಿನ ಮೇಲೆ ಸ್ಪಂಜಿನ ಚೂರು ಅಂಟಿಸಿ ನೋಡಿದೆ. ಹೂಂ ಒಳಗೆ ಹೋಗುವುದು ನಿಂತಿತು, ಅಣ್ಣ ಕೊಟ್ಟ ಉತ್ತರವೂ ಹೋಗಲಿಲ್ಲ.

ಉಳಿದದ್ದು ಹೂಂ ಬಿಡಿಸುವ ದಾರಿ. ಅದು ನನ್ನ ಕೈಲಿ ಆಗುವ ಕೆಲಸವೇ? ಐವತ್ತೈದು ವರ್ಷದ ಮನುಷ್ಯನಿಗೆ ಹೂಂ ಬಿಡಿ ಎನ್ನುವುದೂ ಒಂದೇ, ರೆಪ್ಪೆ ಹೊಡೆಯಬೇಡಿ ಎನ್ನುವುದೂ ಒಂದೇ. ಬಾಯಿ ಬಿಗಿ ಹಿಡಿದುಕೊಂಡು ಒಂದು ದಿನ ಕೂತರು. ಸೇಠ್ ನಡುವೆ ನಿಲ್ಲಿಸಿ, “ಅಣ್ಣಾ, ಸುನ್ ರಹೇ ಹೋ ನ?” ಎಂದು, ಕೇಳಿಸಿಕೊಳ್ಳುತ್ತಿದ್ದೀರಿ ತಾನೇ ಎಂದು, ಎರಡೆರಡು ಸಲ ಕೇಳಿದರು. ಹೂಂ ಅಂದರೂ ಕಷ್ಟ, ಅನ್ನದಿದ್ದರೂ ಕಷ್ಟ.

ಕೊನೆಗೆ ನಾವಿಬ್ಬರೂ ಸೇರಿ ಒಂದು ಉಪಾಯ ಮಾಡಿದೆವು. ನನ್ನ ಮೇಜು ಅವರ ಎದುರಿಗೇ ಇತ್ತಲ್ಲ. ಅವರ ಪೆಟ್ಟಿಗೆಯಲ್ಲಿ ಸೇಠ್ ಹೇಳಿದ್ದು ನನಗೆ ಸ್ಪಷ್ಟವಾಗಿ ಕೇಳುತ್ತಿತ್ತು. ನಾನು ಅದನ್ನು ದನಿಯಿಲ್ಲದೆ, ಬರೀ ತುಟಿಯಲ್ಲಿ, ಕನ್ನಡದಲ್ಲಿ ಹೇಳುವುದು. ಅವರು ನನ್ನ ತುಟಿ ನೋಡಿ ಉತ್ತರ ಕೊಡುವುದು. ಸೇಠ್ ಹಿಂದಿಯಲ್ಲಿ ‘ಬ್ಯಾಂಕಿಗೆ ಯಾರು ಹೋಗಿದ್ದಾರೆ’ ಎಂದರೆ ನಾನು ‘ಬ್ಯಾಂಕಿಗೆ ಯಾರು’ ಎಂದು ತುಟಿ ಆಡಿಸುತ್ತಿದ್ದೆ. ಅಣ್ಣ ತಕ್ಷಣ ಉತ್ತರಿಸುತ್ತಿದ್ದರು. ಹೂಂ ಪೂರ್ತಿ ಹೋಗಲಿಲ್ಲ, ಆದರೆ ಕಡಿಮೆಯಾಯಿತು. ಡಿಸ್ಪ್ಯಾಚ್‌ನ ಮರಾಠಿ ಗೆಳೆಯ ನನ್ನನ್ನು ನೋಡಿ, ಮೆಲುಕು ಹಾಕುವ ಎಮ್ಮೆ ಎಂದು ಹಾಸ್ಯ ಮಾಡಿದ. ಮಾಡಲಿ ಬಿಡು ಎಂದುಕೊಂಡೆ. ಮಗಳ ಪರೀಕ್ಷೆ ಮುಗಿಯುವ ತನಕ, ಇನ್ನೆರಡು ವರ್ಷ, ಆಮೇಲೆ ಇನ್ನೆರಡು ವರ್ಷ, ಹೀಗೇ ನಡೆದುಹೋದೀತು ಎಂಬ ಆಸೆ ನಮ್ಮಿಬ್ಬರಿಗೂ ಬಂದಿತ್ತು.

“ನೀವು ರಜೆ ಹಾಕಬೇಡಿ ಮಾರಾಯ್ರೆ,” ಎಂದು ಅಣ್ಣ ಒಮ್ಮೆ ಹೇಳಿದರು. “ನಿಮಗೆ ಜ್ವರ ಬಂದ್ರೆ ನನಗೆ ಕಿವಿ ಹೋದ ಹಾಗೆ.”

ನಾನು ನಕ್ಕೆ. ಆದರೆ ಆ ಚಳಿಗಾಲದಲ್ಲಿ ಮೈ ಬೆಚ್ಚಗಿದ್ದರೂ ಆಫೀಸಿಗೆ ಹೋಗುತ್ತಿದ್ದೆ.

ದೀಪಾವಳಿ ಮುಗಿದಿತ್ತು. ಸೇಠ್ ಅವರ ಸೋದರಳಿಯ ಓದು ಮುಗಿಸಿ ಬಂದು ಕ್ಯಾಬಿನ್ನಿನಲ್ಲಿ ಅವರ ಪಕ್ಕದ ಕುರ್ಚಿಯಲ್ಲಿ ಕೂರತೊಡಗಿದ್ದ. ಅವನನ್ನು ಎಲ್ಲಿ ಕೂರಿಸುತ್ತಾರೆ ಎಂದು ನಾವು ಊಹೆ ಮಾಡುತ್ತಿದ್ದೆವು. ಒಂದು ಮಧ್ಯಾಹ್ನ, ಊಟ ಮುಗಿದು ಎಲ್ಲರೂ ತೂಕಡಿಸುವ ಹೊತ್ತು, ಅಣ್ಣನ ಪೆಟ್ಟಿಗೆ ಪೀಂ ಎಂದಿತು. ಕೆಂಪು ದೀಪ ಹತ್ತಿತು. ಅಣ್ಣ ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದರು, ನಾನು ತಯಾರಾದೆ.

“ಅಣ್ಣಾ, ಬಹುತ್ ಸಾಲ್ ಹೋ ಗಯೇ,” ಎಂದು ಸೇಠ್ ಶುರು ಮಾಡಿದರು. ಬಹಳ ವರ್ಷ ಆಯಿತು ಎಂದು ನಾನು ತುಟಿ ಆಡಿಸಿದೆ. ಅಣ್ಣ ಸಂತೋಷದಿಂದ ಹೂಂ ಸೇಠ್‌ಜಿ ಎಂದರು. ಆ ಹೂಂ ಮುಂದಿನ ಮಾತನ್ನು ನುಂಗಿತು. ಮತ್ತೆ ದನಿ ಬಂದಾಗ ಸೋದರಳಿಯನ ಹೆಸರಿತ್ತು, ಕ್ಯಾಶ್ ಎಂಬ ಮಾತಿತ್ತು, ಇನ್ನು ಅವನು ನೋಡಿಕೊಳ್ಳುತ್ತಾನೆ ಎಂದಿತ್ತು. ನನ್ನ ತುಟಿ ಅಲ್ಲಿಗೇ ನಿಂತುಬಿಟ್ಟಿತು. ಏನೆಂದು ಆಡಿಸಲಿ? ಅಣ್ಣ ನನ್ನ ಬಾಯಿಯನ್ನೇ ನೋಡುತ್ತಿದ್ದರು, ಮಗು ತುತ್ತಿಗೆ ಕಾಯುವ ಹಾಗೆ. ನಾನು ಏನೂ ಹೇಳದಿರುವುದನ್ನು ಕಂಡು, ಸೇಠ್ ಬೇಸರಪಟ್ಟಾರು ಎಂದು ಅವರೇ ಹೂಂ, ಹೂಂ ಎಂದರು. ನಡುವೆ ತುಂಡು ತುಂಡಾಗಿ ಆರಾಮ ಎಂಬ ಮಾತು ಬಂತು, ಊರು ಎಂಬ ಮಾತು ಬಂತು, ಮಗಳ ಪರೀಕ್ಷೆ ತನಕ ಖೋಲಿ ಇಟ್ಟುಕೊಳ್ಳಿ ಎಂಬ ಮಾತು ಬಂತು.

ನಾನು ಕೈ ಅಡ್ಡ ಹಿಡಿದು ಬೇಡ, ಬೇಡ ಎಂದು ಸನ್ನೆ ಮಾಡಿದೆ. ತಾಳಿ ಎನ್ನುತ್ತಿದ್ದೇನೆ ಎಂದುಕೊಂಡು ಅಣ್ಣ ಸುಮ್ಮನಾದರು. ಅಷ್ಟು ಹೊತ್ತಿಗೆ ಇಡೀ ಆಫೀಸು ಎಚ್ಚರವಾಗಿತ್ತು. ಟೈಪ್‌ರೈಟರುಗಳು ನಿಂತಿದ್ದವು. ಆ ನಿಶ್ಶಬ್ದದಲ್ಲಿ ಸೇಠ್ ಪ್ರಶ್ನೆ ಒಂದಕ್ಷರವೂ ಕತ್ತರಿಸದೆ ಬಂತು.

“ಠೀಕ್ ಹೈ ನ, ಅಣ್ಣಾ?”

ಅಣ್ಣನಿಗೆ ಕೇಳಿಸಿರಲಾರದು. ಆದರೆ ದೀಪ ಇನ್ನೂ ಉರಿಯುತ್ತಿತ್ತು, ಆ ಕಡೆ ಯಾರೋ ಕಾಯುತ್ತಿದ್ದಾರೆ ಎಂಬುದಷ್ಟೇ ಅವರಿಗೆ ತಿಳಿಯಿತು. ಪೆಟ್ಟಿಗೆಯ ಕಡೆ ಬಾಗಿ, ಮರ್ಯಾದೆಯಿಂದ, “ಹೂಂ ಸೇಠ್‌ಜಿ, ಹೂಂ,” ಎಂದರು. ದೀಪ ಆರಿತು.

ನಾನು ನೇರ ಕ್ಯಾಬಿನ್ನಿಗೆ ಹೋದೆ. ಬಾಗಿಲು ತಟ್ಟಿದ್ದೂ ನೆನಪಿಲ್ಲ. ಸೇಠ್ ಮುಖದಲ್ಲಿ ನೆಮ್ಮದಿ ಇತ್ತು. ಹಲ್ಲು ಕೀಳಿಸಿಕೊಂಡು ಬಂದವರ ನೆಮ್ಮದಿ. ಒಬ್ಬ ಮನುಷ್ಯನನ್ನು ಎದುರಿಗೆ ಕೂರಿಸಿಕೊಂಡು ಹೇಳಲಾಗದ ಮಾತನ್ನು ಪೆಟ್ಟಿಗೆಯಲ್ಲಿ ಹೇಳಿ ಮುಗಿಸಿದ್ದರು. ನನಗೆ ಅವರ ಮೇಲೆ ಬಂದ ಕೋಪ ಇಂದಿಗೂ ಪೂರಾ ಇಳಿದಿಲ್ಲ.

ಅಣ್ಣನಿಗೆ ವಿಷಯ ಸರಿಯಾಗಿ ತಿಳಿದಂತಿಲ್ಲ, ನೀವೊಮ್ಮೆ ಕರೆದು ಮಾತಾಡಿ ಎಂದೆ.

“ಅವರು ಹೌದು ಅಂದರಲ್ಲ,” ಎಂದರು ಸೇಠ್ ಹಿಂದಿಯಲ್ಲಿ. “ಒಂದು ಸಲವಲ್ಲ, ಎಷ್ಟೋ ಸಲ. ಪೂರಾ ಆಫೀಸು ಕೇಳಿದೆ.”

“ಅದು ಹೌದು ಅಲ್ಲ ಸೇಠ್‌ಜಿ. ನಮ್ಮ ಭಾಷೆಯಲ್ಲಿ ಹೂಂ ಅಂದರೆ ಕೇಳುತ್ತಿದ್ದೇನೆ ಅಂತ ಅಷ್ಟೇ.”

“ಕೇಳಿ, ಬೇಡ ಅನ್ನಲಿಲ್ಲ ಅಲ್ಲವೇ? ಹಾಗಾದರೆ ಸರಿ.”

ನನಗೆ ಮುಂದೆ ದಾರಿ ಇರಲಿಲ್ಲ. ಅವರು ಕೇಳಿಯೇ ಇಲ್ಲ, ಅವರಿಗೆ ಕಿವಿ ಕೇಳುವುದಿಲ್ಲ ಎಂದು ಹೇಳಿದರೆ ಆ ಹೂಂ ಬಿದ್ದುಹೋಗುತ್ತಿತ್ತು, ನಿಜ. ಆದರೆ ಅದರ ಜೊತೆಗೆ ಅಣ್ಣನನ್ನು ಕೆಲಸದಿಂದ ತೆಗೆಯಲು ಇನ್ನೊಂದು ಕಾರಣ ಸಿಕ್ಕಿ, ಪರೀಕ್ಷೆ ತನಕದ ಖೋಲಿಯೂ ಹೋಗಬಹುದಿತ್ತು. ಹೇಳದಿದ್ದರೆ ಹೂಂ ಹಾಗೆಯೇ ಉಳಿಯುತ್ತದೆ. ಬಿಸಿ ತುಪ್ಪ, ನುಂಗಲೂ ಆಗದು, ಉಗುಳಲೂ ಆಗದು. ಮೌನವೇ ಸಮ್ಮತಿ ಎನ್ನುವ ಲೋಕದಲ್ಲಿ ಹೂಂ ಎಂದವನ ಪರವಾಗಿ ನಾನು ಏನು ವಾದ ಮಾಡಲಿ? ಸೇಠ್ ಫೈಲು ತೆರೆದರು. ನಾನು ಹೊರಗೆ ಬಂದೆ.

ಅಣ್ಣ ಎಂದಿನಂತೆ ಕೆಲಸದಲ್ಲಿದ್ದರು. ನನ್ನನ್ನು ಕಂಡು ಹುಬ್ಬೇರಿಸಿ, “ಎಂತಂತೆ?” ಎಂದು ಕೇಳಿದರು. ಸೇಠ್ ಏನೋ ಹಳೆಯ ದಿನ ನೆನಸಿಕೊಂಡು ಹೊಗಳಿದರು ಎಂದೇ ಅವರು ತಿಳಿದಿದ್ದರು. ನಾನು ಆಡಿಸಿದ್ದು ಬಹಳ ವರ್ಷ ಆಯಿತು ಎಂಬುದೊಂದೇ ತಾನೇ. ಸುತ್ತಲಿನವರೆಲ್ಲ ತಲೆ ಬಗ್ಗಿಸಿ ಕಾಗದ ನೋಡುತ್ತಿದ್ದರು. ಎಲ್ಲರಿಗೂ ಗೊತ್ತಿತ್ತು, ಅವರೊಬ್ಬರಿಗೆ ಬಿಟ್ಟು.

ಹೇಗೆ ಹೇಳುವುದು? ಕಿವಿಯ ಹತ್ತಿರ ಹೋಗಿ ಹೇಳಬೇಕಾದರೆ ಗಟ್ಟಿಯಾಗಿ ಕೂಗಬೇಕು. ಅಷ್ಟು ಜನರ ಮುಂದೆ ಅದನ್ನು ಕೂಗಲು ನನ್ನಿಂದಾಗದು. ತುಟಿ ಆಡಿಸೋಣವೆಂದರೆ ಅವರು ನನ್ನ ಮುಖ ನೋಡುತ್ತಾರೆ, ನಾನು ಅವರ ಮುಖ ನೋಡಬೇಕು. ನನ್ನ ಕುರ್ಚಿಯಲ್ಲಿ ಕೂತು, ರಿಸೀವರ್ ಎತ್ತಿ ಅವರ ನಂಬರು ಒತ್ತಿದೆ. ತಾನಾಗಿ ತೆರೆದುಕೊಳ್ಳುವುದು ಸೇಠ್ ಕರೆದಾಗ ಮಾತ್ರ. ನಾನು ಕರೆದರೆ ಅದು ಬಡಿದುಕೊಳ್ಳುತ್ತಿತ್ತು. ಅಣ್ಣ ಆಶ್ಚರ್ಯದಿಂದ ನನ್ನತ್ತ ನೋಡುತ್ತಲೇ ರಿಸೀವರ್ ಎತ್ತಿ ಎಡಗಿವಿಗೆ ಒತ್ತಿಕೊಂಡರು. ನಾನು ಕುರ್ಚಿ ತಿರುಗಿಸಿ ಕಿಟಕಿಯ ಕಡೆ ಮುಖ ಮಾಡಿದೆ.

“ಅಣ್ಣ, ಕೇಳುತ್ತಾ?”

“ಹೂಂ, ಸ್ಪಷ್ಟ ಉಂಟು. ಇಲ್ಲೇ ಕೂತು ಫೋನ್ ಯಾಕೆ ಮಾರಾಯ್ರೆ?”

ನಾನು ಮೆಲ್ಲಗೆ ಹೇಳಿದೆ. ಸೋದರಳಿಯ ಕ್ಯಾಶಿಗೆ ಕೂರುತ್ತಾನೆ ಎಂದೆ. ಹೂಂ ಎಂದರು. ನಿಮಗೆ ಇನ್ನು ಆರಾಮ ಮಾಡಿ ಅಂದಿದ್ದಾರೆ ಎಂದೆ. ಹೂಂ ಎಂದರು, ಈ ಸಲ ಸ್ವಲ್ಪ ತಡವಾಗಿ. ಖೋಲಿಯನ್ನು ಪರೀಕ್ಷೆ ಮುಗಿಯುವ ತನಕ ಇಟ್ಟುಕೊಳ್ಳಬಹುದಂತೆ, ಆಮೇಲೆ ಬಿಡಬೇಕಂತೆ ಎಂದೆ. ಅದಕ್ಕೆ ಹೂಂ ಬರಲಿಲ್ಲ. ಕೆಳಗೆ ರಸ್ತೆಯಲ್ಲಿ ಹಮಾಲರು ಪೈಪು ಇಳಿಸುತ್ತಿದ್ದ ಸದ್ದು ಕೇಳುತ್ತಿತ್ತು, ರಿಸೀವರಿನಲ್ಲಿ ಅವರ ಉಸಿರು ಕೇಳುತ್ತಿತ್ತು. ತಿರುಗಿ ನೋಡಲು ನನಗೆ ಧೈರ್ಯ ಬರಲಿಲ್ಲ.

“ಸೇಠ್ ಇದನ್ನೆಲ್ಲ ಈಗ ಹೇಳಿದ್ದಾ?” ಎಂದು ಕೇಳಿದರು.

“ಹೌದು ಅಣ್ಣ.”

“ಅದಕ್ಕೆ ನಾನು ಎಂತ ಹೇಳಿದೆ?”

“ನೀವು ಹೂಂ ಅಂದ್ರಿ,” ಎಂದೆ.